ಹಿಮ್ಮಡಿಯ ಹುಣ್ಣು

ಪುಷ್ಪಲತಾ ಮತ್ತೆ ಕೆಲಸಕ್ಕೆ ಹೊರಟ ದಿನ ಅತ್ತೆ ಹುಚ್ಚಕ್ಕನನ್ನು ಪಡಸಾಲೆಯಲ್ಲಿ ಎದುರಿಗೆ ಕೂರಿಸಿಕೊಂಡು, ಮಗಳಿಗೆ ಬೂಟು ಹಾಕುವುದನ್ನು ಇನ್ನೊಂದು ಸಲ ತೋರಿಸಿದಳು.

"ಮೊದಲು ಕಾಲುಚೀಲ. ಎಲ್ಲೂ ಸುಕ್ಕಿರಬಾರದು. ಆಮೇಲೆ ಹಿಮ್ಮಡಿ ಪೂರ್ತಿ ತಳಕ್ಕೆ ಕೂರಬೇಕು, ಹಿಂದಿನ ಈ ತೂತಲ್ಲಿ ಕಾಣ್ಬೇಕು ನೋಡಿ. ಕೂತ ಮೇಲೆ ಪಾದದ ಮೇಲಿನ ಈ ನಡುವಿನ ಪಟ್ಟಿ ಬಿಗಿಯಾಗಿ ಎಳೆದು ಕಟ್ಟೋದು."

"ಬಿಗಿ ಅಂದ್ರೆ ಎಷ್ಟು ಬಿಗಿ? ಹಸುಗೂಸು ಕಣಮ್ಮಿ, ಎತ್ತಲ್ಲ."

"ಸಡಿಲ ಆದ್ರೇನೇ ಗಾಯ ಆಗೋದು ಅತ್ತೆ. ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡ್ತದೆ, ಉಜ್ಜಿ ಉಜ್ಜಿ ಚರ್ಮ ಕಿತ್ತು ಬರ್ತದೆ. ಎಣ್ಣೆ ಹಚ್ಚಬಾರದು, ಪೌಡರ್ ಹಾಕಬಾರದು. ಕೆಂಪಗಾಗಿದ್ರೆ ನಂಗೆ ಹೇಳಿ. ನೀವಾಗಿ ನೀವು ಏನೂ ಮಾಡಬೇಡಿ."

ಕೊನೆಯ ಮಾತು ಹುಚ್ಚಕ್ಕನಿಗೆ ಚುರುಕ್ಕೆಂದಿತು. ಮೂರು ಮಕ್ಕಳನ್ನು ಹೆತ್ತು, ಅಕ್ಕಪಕ್ಕದ ಮನೆಗಳ ಹತ್ತಾರು ಕೂಸುಗಳಿಗೆ ಎಣ್ಣೆ ನೀರು ಹಾಕಿದ ಕೈ ಅವಳದು. ಆದರೂ ಸೊಸೆಯ ಬಸ್ಸಿಗೆ ಹೊತ್ತಾಗುತ್ತಿತ್ತೆಂದು "ಆಯ್ತು ಹೋಗು" ಅಂದಳು.

ಮೊಮ್ಮಗಳು ಚಾರ್ವಿ ಹುಟ್ಟಿದಾಗಲೇ ಎಡಗಾಲಿನ ಪಾದ ಒಳಕ್ಕೆ ತಿರುಚಿಕೊಂಡಿತ್ತು. ತುಮಕೂರಿನ ಡಾಕ್ಟರು ವಾರ ವಾರ ಹೊಸ ಪ್ಲಾಸ್ಟರ್ ಪಟ್ಟು ಹಾಕಿ ಪಾದವನ್ನು ಇಷ್ಟಿಷ್ಟೇ ಹೊರಕ್ಕೆ ತಂದರು, ಹಿಮ್ಮಡಿಯ ಹಿಂದಿನ ನರವನ್ನು ಸ್ವಲ್ಪ ಕುಯ್ದು ಸಡಿಲಿಸಿದರು. ಪಟ್ಟು ಬಿಚ್ಚಿದ ಮೇಲೆ ಈ ಬೂಟು ಕೊಟ್ಟರು. ಎರಡು ಪುಟ್ಟ ಬೂಟು, ನಡುವೆ ಅವೆರಡನ್ನೂ ಸೇರಿಸುವ ಕಬ್ಬಿಣದ ಸರಳು. ಸ್ನಾನದ ಹೊತ್ತು ಬಿಟ್ಟರೆ ಹಗಲೂ ರಾತ್ರಿಯೂ ಕಾಲಲ್ಲೇ ಇರಬೇಕು, ಬಿಟ್ಟರೆ ಪಾದ ಮೊದಲಿನ ಹಾಗೇ ತಿರುಗುತ್ತದೆ ಎಂದಿದ್ದರು. ಕೂಸಿಗೆ ಒಂದು ಕಾಲು ಒದೆಯಬೇಕೆಂದರೂ ಎರಡೂ ಒಟ್ಟಿಗೇ ಏಳಬೇಕು. ಹುಚ್ಚಕ್ಕನಿಗೆ ಅದನ್ನು ಕಂಡಾಗಲೆಲ್ಲ ಕರುವಿನ ಮುಂಗಾಲಿಗೆ ಹಗ್ಗ ಬಿಗಿದಂತೆ ಕಾಣುತ್ತಿತ್ತು.

ಪುಷ್ಪಲತಾಳ ಗಂಡ ಗಂಗಾಧರನ ಲಗೇಜ್ ಆಟೋ ಅರಳಗುಪ್ಪೆ ಸುತ್ತಿನ ತೋಟಗಳಿಂದ ತಿಪಟೂರಿಗೆ ತೆಂಗಿನಕಾಯಿ ಸಾಗಿಸುತ್ತಿತ್ತು. ಬಾಡಿಗೆ ಒಂದು ವಾರ ಇದ್ದರೆ ಇನ್ನೊಂದು ವಾರ ಇರುತ್ತಿರಲಿಲ್ಲ. ಮಾವ ದುರ್ಗಯ್ಯ ಊರವರ ತೋಟಗಳಿಗೆ ನೀರು ಕಟ್ಟುತ್ತಿದ್ದ. ತಿಂಗಳಿಗೆ ಸರಿಯಾಗಿ ಮನೆಗೆ ಬರುವ ದುಡ್ಡೆಂದರೆ ಕಾಯಿಪುಡಿ ಫ್ಯಾಕ್ಟರಿಯಿಂದ ಪುಷ್ಪಲತಾ ತರುತ್ತಿದ್ದ ಸಂಬಳವೊಂದೇ. ಹಾಗಾಗಿ ಅವಳು ಹೋಗಲೇಬೇಕಿತ್ತು, ಕೂಸು ಅಜ್ಜಿಯ ಕೈಗೆ ಬರಲೇಬೇಕಿತ್ತು.

ಮೊದಮೊದಲು ಹುಚ್ಚಕ್ಕ ಹೇಳಿದಂತೆಯೇ ಮಾಡಿದಳು. ಕೂಸು ಮಾತ್ರ ಸುಮ್ಮನಾಗಲಿಲ್ಲ. ಒಲೆ ಮುಂದೆ ಕೂತರೂ ಅಳು, ರಾಗಿ ಆರಿಸಲು ಕೂತರೂ ಅಳು. ಹೆಗಲ ಮೇಲೆ ಹಾಕಿಕೊಂಡರೆ ಕಬ್ಬಿಣದ ಸರಳು ಅವಳ ಎದೆಗೆ ಒತ್ತುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾಗದೆ ನಡುವಿನ ಪಟ್ಟಿಯನ್ನು ಒಂದು ತೂತು ಸಡಿಲಿಸಿದಳು. ಕೂಸು ಬಿಕ್ಕಿ ಬಿಕ್ಕಿ ಸುಮ್ಮನಾಯಿತು, ಬೆರಳು ಚೀಪುತ್ತಾ ನಿದ್ದೆ ಹೋಯಿತು.

ಊಟಕ್ಕೆ ಬಂದ ದುರ್ಗಯ್ಯ ನೋಡಿದ. "ಸಡಿಲ ಮಾಡ್ಬ್ಯಾಡ ಅಂದಿಲ್ವೇನೇ ಅವ್ಳು?"

"ಅವ್ಳಿಗೇನು, ಬಸ್ ಹತ್ತಿ ಹೋಗ್ತಾಳೆ. ಇದು ಅಳೋದು ಫ್ಯಾಕ್ಟ್ರಿಗೆ ಕೇಳ್ಸುತ್ತಾ? ಬರೋ ಹೊತ್ಗೆ ಬಿಗಿ ಮಾಡ್ತೀನಿ, ಸುಮ್ಕೆ ಉಣ್ಣಿ."

ದುರ್ಗಯ್ಯ ಸುಮ್ಮನೆ ಉಂಡ. ಅವನು ಯಾವತ್ತೂ ಹಾಗೇ.

ಸಂಜೆಯ ಬಸ್ಸಿನ ಹೊತ್ತಿಗೆ ಪಟ್ಟಿ ತನ್ನ ತೂತಿಗೆ ಮರಳುತ್ತಿತ್ತು. ಅದು ದಿನದ ಕೆಲಸಗಳಲ್ಲಿ ಒಂದಾಯಿತು. ಸ್ನಾನಕ್ಕೆ ಬೂಟು ಬಿಚ್ಚಿದಾಗ ಹಿಮ್ಮಡಿಯ ಮೇಲೆ ಕೆಂಪು ಗೆರೆ ಮೂಡಿರುತ್ತಿತ್ತು, ಸಂಜೆಗೆ ಮಾಸುತ್ತಿತ್ತು. ಹೇಳಿ ಅಂದಿದ್ದಳು ಸೊಸೆ. ಆದರೆ ಹೇಳಿದರೆ ಏನು ಮಾಡುತ್ತಾಳೆ, ಇನ್ನೂ ಬಿಗಿಯುತ್ತಾಳೆ. ಹುಚ್ಚಕ್ಕ ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಎರಡೂ ಪಾದಗಳಿಗೆ ನೀವಿದಳು. ಕೂಸು ಸುಖಕ್ಕೆ ಕಾಲು ಚಾಚಿ ನಕ್ಕಿತು. ಆ ನಗು ಕಂಡ ಮೇಲೆ ಎಣ್ಣೆಯೂ ದಿನದ ಕೆಲಸವಾಯಿತು.

ಒಂದು ಸಂಜೆ ಪುಷ್ಪಲತಾ ಮುಖ ತೊಳೆದು ಬಂದು ಮಗಳನ್ನು ತೊಡೆಗೆ ಹಾಕಿಕೊಂಡು ಬೂಟು ಬಿಚ್ಚಿದಳು. ದಿನವಿಡೀ ಕಾಯಿ ಹೆರೆದು ಅವಳ ಬೆರಳ ತುದಿಗಳು ನೀರಲ್ಲಿ ನೆನೆದಂತೆ ಬೆಳ್ಳಗೆ ಸುಕ್ಕಾಗಿದ್ದವು. ಆ ಬೆರಳಿಗೂ ಜಿಡ್ಡು ಗೊತ್ತಾಯಿತು.

"ಅತ್ತೆ, ಕಾಲುಚೀಲ ಎಣ್ಣೆ ಎಣ್ಣೆ ಆಗಿದೆಯಲ್ಲ?"

"ತಲೆಗೆ ಹಚ್ಚಿದ್ದೆ. ಕೈಲಿದ್ದದ್ದು ತಾಗಿರ್ಬೇಕು."

"ಇಷ್ಟೊಂದಾ? ಒಳಗೆಲ್ಲ ಜಾರ್ತಾ ಇದೆ. ಎಷ್ಟು ಸಲ ಹೇಳಿದ್ದೀನಿ ನಿಮಗೆ!"

"ಏನು ವಿಷ ಹಾಕಿದ್ನಾ ನಾನು? ನಿನ್ ಗಂಡ ಎಣ್ಣೇಲೇ ಬೆಳ್ದಿದ್ದು."

"ಅವರ ಕಾಲು ನೆಟ್ಟಗಿತ್ತು."

ಹುಚ್ಚಕ್ಕ ಅವರೆಕಾಳು ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು. "ಯಾಕೆ, ಕಾಲು ಹಂಗೆ ಹುಟ್ಟಿದ್ದಕ್ಕೂ ನಾನೇ ಕಾರಣಾನಾ?"

"ನಾನೆಲ್ಲಿ ಹಾಗಂದೆ? ಎಣ್ಣೆ ಹಚ್ಚೋದಾದ್ರೆ ಕೂಸು ನಿಮ್ಮ ಹತ್ರ ಬೇಡ. ಅನಿತಕ್ಕನ ಮನೇಲಿ ಬಿಟ್ಟು ಹೋಗ್ತೀನಿ."

ಅನಿತಾ ಎದುರು ಮನೆಯವಳು. ಮೊಮ್ಮಗಳು ಎದುರು ಮನೆಯಲ್ಲಿ ಬೆಳೆಯುವುದೆಂದರೆ ಊರ ಬಾಯಿಗೆ ತಾನಾಗಿ ಬೀಳುವುದು. ಮುದ್ದೆ ಮುರಿಯುತ್ತಿದ್ದ ಗಂಗಾಧರ ತಟ್ಟೆಯನ್ನು ಮುಂದಕ್ಕೆ ತಳ್ಳಿದ.

"ದಿನಾ ಇದೇ ಆಯ್ತಲ್ಲ! ಬೂಟು ಬೂಟು ಬೂಟು. ನೋಡು ಪುಷ್ಪಾ, ಅದ್ರಿಂದ ನನ್ ಮಗ್ಳ ಕಾಲಲ್ಲಿ ಒಂದು ಗಾಯ ಕಂಡ್ರೆ ಅವತ್ತೇ ಕೆರೆಗೆ ಎಸೀತೀನಿ. ಡಾಕ್ಟ್ರೂ ಬೇಡ, ಯಾರೂ ಬೇಡ."

"ಎಸೆದ್ರೆ ಕಾಲು ಮತ್ತೆ ತಿರುಗುತ್ತೆ ಕಣ್ರೀ."

"ತಿರುಗ್ಲಿ. ಮನೇಲಿ ಒಂದು ತುತ್ತು ನೆಮ್ಮದಿಯಾಗಿ ಇಳಿಯುತ್ತೆ."

ಅವತ್ತಿನ ಜಗಳ ಅಲ್ಲಿಗೆ ನಿಂತಿತು. ಆದರೆ ಆ ಊಟದಲ್ಲಿ ಆಡಿದ ಎರಡು ಮಾತು ಮನೆಯಲ್ಲಿ ಉಳಿದುಕೊಂಡವು. ಸೊಸೆಯ ಮಾತು ಅತ್ತೆಯ ಎದೆಯಲ್ಲಿ, ಗಂಡನ ಮಾತು ಹೆಂಡತಿಯ ಎದೆಯಲ್ಲಿ.

ಹುಚ್ಚಕ್ಕ ಎಣ್ಣೆ ಬಿಟ್ಟಳು. ಪಟ್ಟಿ ಸಡಿಲಿಸುವುದನ್ನು ಬಿಡಲಾಗಲಿಲ್ಲ. ಸ್ವಲ್ಪ ದಿನಕ್ಕೆ ಎಡ ಹಿಮ್ಮಡಿಯ ಮೇಲೆ ನೀರುಗುಳ್ಳೆ ಎದ್ದಿತು. ಮಾರನೆಯ ಸ್ನಾನಕ್ಕೆ ಬಿಚ್ಚಿದಾಗ ಅದು ಒಡೆದು, ಕೆಳಗಿನ ಹಸಿ ಮಾಂಸ ಕಾಲುಚೀಲಕ್ಕೆ ಅಂಟಿಕೊಂಡಿತ್ತು. ಬಿಡಿಸುವಾಗ ಕೂಸು ಚೀರಿದ ಚೀರಿಗೆ ಅನಿತಾ ಬಾಗಿಲಿಗೆ ಬಂದು, "ಏನಾಯ್ತು ಹುಚ್ಚಕ್ಕಾ?" ಅಂದಳು.

"ಕಣ್ಣಿಗೆ ಸೀಗೆಪುಡಿ ಹೋಯ್ತು ಕಣವ್ವ" ಅಂದಳು ಹುಚ್ಚಕ್ಕ. ತನ್ನ ಬಾಯಿಂದ ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಅವಳಿಗೇ ದಿಗಿಲಾಯಿತು.

ಅರಿಶಿನ ತೇದು ಎಣ್ಣೆಯಲ್ಲಿ ಕಲೆಸಿ ಹುಣ್ಣಿಗೆ ಮೆತ್ತಿದಳು. ಮೇಲೆ ಒಗೆದ ಕಾಲುಚೀಲ, ಅದರ ಮೇಲೆ ಬೂಟು. ಸಂಜೆ ಪುಷ್ಪಲತಾ ಬೂಟು ಬಿಚ್ಚುವ ಹೊತ್ತಿಗೆ ಹುಚ್ಚಕ್ಕ ಹಿತ್ತಿಲಿಗೆ ಹೋಗಿ, ಇಲ್ಲದ ಕೆಲಸ ಹುಡುಕಿಕೊಂಡು ನಿಂತಳು. ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಬೆನ್ನೆಲ್ಲ ಕಿವಿಯಾಗಿತ್ತು. ಒಳಗಿಂದ ಏನೂ ಸದ್ದಿಲ್ಲ. ಬಂದು ನೋಡಿದರೆ ಸೊಸೆ ಕೂಸಿಗೆ ಹಾಲು ಕುಡಿಸುತ್ತಾ ಕೂತಿದ್ದಳು, ಬೂಟು ಕಾಲಲ್ಲೇ ಇತ್ತು. ಬಿಚ್ಚಿಯೇ ಇಲ್ಲವೇನೋ ಅಂದುಕೊಂಡು ಹುಚ್ಚಕ್ಕ ಉಸಿರು ಬಿಟ್ಟಳು.

ಮರುದಿನ ಸ್ನಾನಕ್ಕೆ ಕಾಲುಚೀಲ ಎಳೆದಾಗ ಅವಳ ಕೈ ಹಾಗೇ ನಿಂತಿತು. ಅರಿಶಿನ ಒಂದಿಷ್ಟೂ ಇರಲಿಲ್ಲ. ಹುಣ್ಣನ್ನು ಚೊಕ್ಕವಾಗಿ ಒರೆಸಿ, ಬಿಳಿ ಮುಲಾಮು ಸವರಿ, ಮೇಲೆ ತೆಳ್ಳಗೆ ಹತ್ತಿ ಇಟ್ಟಿತ್ತು.

ಹಾಗಾದರೆ ಅವಳಿಗೆ ಗೊತ್ತು. ಹುಣ್ಣೂ ಗೊತ್ತು, ಅರಿಶಿನವೂ ಗೊತ್ತು. ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ. ಹುಚ್ಚಕ್ಕನಿಗೆ ಮೊದಲು ಹೆದರಿಕೆಯಾಯಿತು. ಆಮೇಲೆ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಹಗುರ ಬಂತು. ಭಾರ ತನ್ನೊಬ್ಬಳ ಮೇಲಿಲ್ಲ. ತಾಯಿಯೇ ಸುಮ್ಮನಿದ್ದಾಳೆಂದ ಮೇಲೆ ಅಂಥದ್ದೇನೂ ಇರಲಿಕ್ಕಿಲ್ಲ, ಅವಳು ಓದಿದವಳು.

ಅಲ್ಲಿಂದಾಚೆಗೆ ಆ ಒಂದು ಹುಣ್ಣಿಗೆ ಇಬ್ಬರು ಮದ್ದು ಮಾಡಿದರು. ಹಗಲು ಹುಚ್ಚಕ್ಕ ಹತ್ತಿ ತೆಗೆದು ಅರಿಶಿನ ಮೆತ್ತುವಳು. ಸಂಜೆ ಪುಷ್ಪಲತಾ ಅರಿಶಿನ ತೊಳೆದು ಮುಲಾಮು ಹಚ್ಚಿ, ಪಟ್ಟಿಯನ್ನು ಎರಡು ತೂತು ಬಿಗಿಯುವಳು. ಬೆಳಿಗ್ಗೆ ಹೊರಡುವ ಮುಂಚೆ ಹಳದಿ ಕಲೆಯ ಕಾಲುಚೀಲ ಒಗೆದು ತಂತಿಗೆ ಹಾಕುವಳು. ಇಬ್ಬರ ನಡುವೆ ಒಂದು ಮಾತಿಲ್ಲ. ಇತರ ಮಾತೆಲ್ಲ ಮೊದಲಿಗಿಂತ ಸೊಗಸಾಗಿತ್ತು. "ಅತ್ತೆ, ಉಪ್ಸಾರಿಗೆ ಖಾರ ಚೆನ್ನಾಗಿ ಬಿದ್ದಿದೆ" ಎನ್ನುವಳು ಸೊಸೆ. "ನೀನು ದಣ್ದು ಬಂದೀಯ, ಪಾತ್ರೆ ನಾನು ತೊಳ್ಕತೀನಿ ಬುಡು" ಎನ್ನುವಳು ಅತ್ತೆ.

ದುರ್ಗಯ್ಯನಿಗೆ ಖುಷಿಯಾಯಿತು. "ಅಬ್ಬ, ಇಬ್ರಿಗೂ ಬುದ್ಧಿ ಬಂತಲ್ಲಪ್ಪ" ಎಂದು ಮಗನ ಹತ್ತಿರ ಹೇಳಿಕೊಂಡ.

ಹುಣ್ಣು ಒಣಗಲಿಲ್ಲ. ಅಂಚು ಬೆಳ್ಳಗೆ ಮೆತ್ತಗಾಯಿತು, ನಡುವೆ ತಗ್ಗು ಬಿತ್ತು. ಕಾಲುಚೀಲ ತೆಗೆದರೆ ಕೊಳೆತ ಕಾಯಿಯಂಥ ವಾಸನೆ. ಕೂಸು ಹಾಲು ಕಡಿಮೆ ಮಾಡಿತು. ಒಂದು ಮಧ್ಯಾಹ್ನ ಮೈ ಕಾದ ಹಂಚಿನಂತಾಗಿ ಕಣ್ಣು ಮೇಲೆ ಮಾಡಿತು. ಹುಚ್ಚಕ್ಕ ಬೂಟು ಬಿಚ್ಚಿದಳು. ಪಾದ ಕಣಕಾಲಿನವರೆಗೂ ಊದಿ ಕೆಂಡದ ಬಣ್ಣಕ್ಕೆ ತಿರುಗಿತ್ತು. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬೀದಿಗೆ ಬಂದು, "ಗಂಗಾಧರಂಗೆ ಫೋನ್ ಮಾಡ್ರಪ್ಪಾ ಯಾರಾದ್ರೂ" ಎಂದು ಕೂಗಿಕೊಂಡಳು.

ಆಟೋದಲ್ಲಿದ್ದ ಕಾಯಿಮೂಟೆಗಳನ್ನು ರಸ್ತೆ ಬದಿಗೆ ಉರುಳಿಸಿ ಗಂಗಾಧರ ತಿಪಟೂರಿನ ಆಸ್ಪತ್ರೆಗೆ ಗಾಡಿ ಓಡಿಸಿದ. ಪುಷ್ಪಲತಾ ಫ್ಯಾಕ್ಟರಿಯಿಂದ ನೇರ ಬಂದಳು, ತಲೆಗೆ ಕಟ್ಟಿದ ಬಿಳಿ ಟೋಪಿ ಹಾಗೇ ಇತ್ತು.

ಡಾಕ್ಟರಮ್ಮ ಹುಣ್ಣು ನೋಡಿ, ಮೂವರ ಮುಖ ನೋಡಿದರು. "ಇದು ಇವತ್ತು ನಿನ್ನೆ ಆದದ್ದಲ್ಲ. ಕೀವು ಒಳಕ್ಕೆ ಇಳಿದಿದೆ. ಇಷ್ಟು ದಿನ ಯಾರೂ ನೋಡಲಿಲ್ಲವಾ?"

ಗಂಗಾಧರ ಹೆಂಡತಿಯ ಕಡೆ ತಿರುಗಿ ನೋಡಿದ.

"ಅಡ್ಮಿಟ್ ಮಾಡಬೇಕು. ಗಾಯ ಪೂರ್ತಿ ಮಾಯುವವರೆಗೆ ಆ ಬೂಟು ಹಾಕುವ ಹಾಗಿಲ್ಲ. ಕೆಂಪಾದಾಗಲೇ ತಂದಿದ್ದರೆ ಸರಿಮಾಡಿ ಕಳಿಸುತ್ತಿದ್ದೆವು."

ಹೊರಗೆ ಬಂದ ಗಂಗಾಧರ ಹೆಂಡತಿಯ ಮೇಲೆ ತಿರುಗಿದ. "ದಿನಾ ಸಂಜೆ ನೀನೇ ಬಿಚ್ಚಿ ಹಾಕ್ತಿದ್ಯಲ್ಲೇ! ಕಣ್ಣಿರ್ಲಿಲ್ವಾ ನಿಂಗೆ? ಸಂಬಳ, ಸಂಬಳ ಅಂತ ಕೂಸಿನ ಕಾಲು ಕೊಳೆಸಿಬಿಟ್ಯಲ್ಲೇ!" ಅವನ ಕೈ ಮೇಲೆದ್ದಿತು. ಬೆಂಚಿನ ಮೇಲಿದ್ದವರು ನೋಡುತ್ತಿದ್ದರೆಂದು ಇಳಿಯಿತು.

ಈಗ ಹೇಳುತ್ತಾಳೆ ಎಂದು ಹುಚ್ಚಕ್ಕ ಗೋಡೆ ಹಿಡಿದು ಕಾದಳು. ನಿಮ್ಮ ಅಮ್ಮ ಅರಿಶಿನ ಮೆತ್ತಿದರು, ಎಣ್ಣೆ ಹಚ್ಚಿದರು, ಪಟ್ಟಿ ಸಡಿಲಿಸಿದರು ಎಂದು. ಪುಷ್ಪಲತಾ ಟೋಪಿ ಬಿಚ್ಚಿ ಕೈಯಲ್ಲಿ ಮುದುರಿಕೊಂಡು ನೆಲ ನೋಡುತ್ತಾ ನಿಂತಳೇ ಹೊರತು ಒಂದು ಅಕ್ಷರ ಆಡಲಿಲ್ಲ. ಹುಚ್ಚಕ್ಕನೂ ಆಡಲಿಲ್ಲ.

ಕೂಸು ಬದುಕಿಕೊಂಡಿತು. ಆದರೆ ಹುಣ್ಣು ಮಾಯಲು ವಾರಗಳೇ ಹಿಡಿದವು, ಅಷ್ಟು ದಿನವೂ ಬೂಟು ಅಟ್ಟದ ಮೇಲಿತ್ತು. ಪಾದ ದಿನದಿನಕ್ಕೆ ಒಳಕ್ಕೆ ಸರಿಯುವುದು ಮನೆಯವರೆಲ್ಲರ ಕಣ್ಣಿಗೂ ಕಾಣುತ್ತಿತ್ತು. ಪುಷ್ಪಲತಾ ಅಂಗೈಯಲ್ಲಿ ಪಾದ ಹಿಡಿದು ಹೊರಕ್ಕೆ ತಿರುಗಿಸಿ ಕೂರುವಳು, ಕೈ ಬಿಟ್ಟರೆ ಅದು ತನ್ನ ಜಾಗಕ್ಕೆ ಹೋಗುವುದು. ತುಮಕೂರಿಗೆ ಕರೆದೊಯ್ದಾಗ ಅಲ್ಲಿನ ಡಾಕ್ಟರು ಬೈಯಲಿಲ್ಲ. "ಮೊದಲಿಂದ ಶುರು ಮಾಡಬೇಕು. ಮತ್ತೆ ಪಟ್ಟು, ಬಹುಶಃ ಮತ್ತೆ ನರ ಕುಯ್ಯಬೇಕಾಗುತ್ತೆ. ಈ ಸಲ ಕಾಲು ಮೊದಲಿನಷ್ಟು ಸುಲಭಕ್ಕೆ ಬಗ್ಗಲ್ಲ" ಅಂದರು.

ಆ ಸಂಜೆ ಊಟಕ್ಕೆ ಕೂತಾಗ ಗಂಗಾಧರ ಹೆಂಡತಿಯ ಮುಖ ನೋಡದೆ ಹೇಳಿದ. "ನಾಳೆಯಿಂದ ಫ್ಯಾಕ್ಟ್ರಿಗೆ ಹೋಗ್ಬೇಡ. ಹೆತ್ತೋಳು ಮನೇಲಿದ್ದಿದ್ರೆ ಇದಾಗ್ತಿರ್ಲಿಲ್ಲ."

ಪುಷ್ಪಲತಾ "ಹೂಂ" ಅಂದಳು.

ಆ "ಹೂಂ" ಹುಚ್ಚಕ್ಕನಿಗೆ ತಡೆಯಲಾಗಲಿಲ್ಲ. ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು.

"ಅವ್ಳನ್ನ ಅನ್ಬ್ಯಾಡ ಕಣ್ಲಾ. ಪಟ್ಟಿ ಸಡಿಲ ಮಾಡ್ತಿದ್ದೋಳು ನಾನು. ಎಣ್ಣೆ ಹಚ್ಚಿದ್ದು ನಾನು. ಹುಣ್ಣು ಮೊದ್ಲು ಕಂಡಿದ್ದೂ ನಾನೇ, ಅರಿಶಿನ ಮೆತ್ತಿ ಮುಚ್ಚಿದ್ದೂ ನಾನೇ."

ದುರ್ಗಯ್ಯನ ಕೈ ತಟ್ಟೆಯಲ್ಲೇ ಉಳಿಯಿತು. ಗಂಗಾಧರ ತಾಯಿಯನ್ನು ನೋಡಿದ. ಆಮೇಲೆ ಹೆಂಡತಿಯನ್ನು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬೂಟು ಕೆರೆಗೆ ಎಸೀತಿದ್ರಿ. ಇದೇ ಜಾಗದಲ್ಲಿ ಕೂತು ಹಾಗಂದಿದ್ರಿ. ಮುಲಾಮು ಹಚ್ಚಿದ್ರೆ ಮಾಯುತ್ತೆ, ನಾಲ್ಕು ದಿನ ಹೇಗೋ ಕಳೆದ್ರೆ ಸಾಕು ಅಂದ್ಕೊಂಡೆ." ಅವಳ ದನಿ ಒಡೆಯಿತು. "ಹುಣ್ಣಿನ ಮೇಲೇ ಬಿಗಿದು ಕಟ್ಟಿದೆ ನಾನು. ಅದು ಕಿರುಚ್ತಿದ್ರೂ ಕಟ್ಟಿದೆ."

ಗಂಗಾಧರ ಎದ್ದು ಕೈ ತೊಳೆದ. ಬಾಗಿಲಲ್ಲಿ ನಿಂತು, "ಅವ್ವಾ, ಇನ್ನು ನನ್ ಮಗಳನ್ನ ನೀನು ಮುಟ್ಬ್ಯಾಡ" ಅಂದು ಹೊರಟುಹೋದ. ಅಂದಿನಿಂದ ತಾಯಿಯ ಜೊತೆ ಮಾತು ನಿಲ್ಲಿಸಿದ. ಅವಳು ಬಡಿಸಿದರೆ ಉಣ್ಣುತ್ತಿದ್ದ, ಅಷ್ಟೇ.

ಪಟ್ಟು ಹಾಕಿದ ವಾರಗಳೆಲ್ಲ ಹುಚ್ಚಕ್ಕ ಮೊಮ್ಮಗಳನ್ನು ದೂರದಿಂದ ನೋಡಿದಳು. ಪುಷ್ಪಲತಾ ಮನೆಯಲ್ಲೇ ಇದ್ದಳು. ಸಂಬಳ ನಿಂತಿತು. ಬೇಳೆಸಾರು ತಿಳಿಯಾಯಿತು, ಬೆಳಗಿನ ಉಪ್ಪಿಟ್ಟು ಹೋಗಿ ಹಿಂದಿನ ದಿನದ ತಂಗಳು ಮುದ್ದೆ ಬಂತು. ಮತ್ತೆ ನರ ಕುಯ್ದರು. ಕೂಸು ತೆವಳುವ ವಯಸ್ಸಿಗೆ ಬಂದಿತ್ತು. ಪಟ್ಟು ಹೊತ್ತ ಕಾಲನ್ನು ಎಳೆದುಕೊಂಡು ಅಜ್ಜಿಯ ಕಡೆಗೇ ಬರುತ್ತಿತ್ತು, ಹುಚ್ಚಕ್ಕ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಹೊಸ ಬೂಟು ಬಂದಾಗ ಬೇಸಿಗೆ ಕಾಲಿಟ್ಟಿತ್ತು. ಆಟೋಗೆ ಬಾಡಿಗೆ ತೀರಾ ಇಳಿದಿತ್ತು. ಫ್ಯಾಕ್ಟರಿಯವರು ಮತ್ತೆ ಬಾ ಎಂದು ಹೇಳಿ ಕಳಿಸಿದರು. ಅನಿತಾ ಮಗಳ ಬಾಣಂತನಕ್ಕೆ ಮಾಯಸಂದ್ರಕ್ಕೆ ಹೋಗಿಬಿಟ್ಟಿದ್ದಳು. ಬೆಳಿಗ್ಗೆ ಪುಷ್ಪಲತಾ ಕೂಸನ್ನೂ ಬೂಟನ್ನೂ ತಂದು ಹುಚ್ಚಕ್ಕನ ತೊಡೆಯ ಮೇಲಿಟ್ಟಳು. ಗಂಗಾಧರ ಅಂಗಳದಲ್ಲಿ ಆಟೋ ಒರೆಸುತ್ತಿದ್ದವನು ನೋಡಿಯೂ ನೋಡದವನಂತೆ ತಿರುಗಿಕೊಂಡ.

"ನೀವೇ ಹಾಕಿ. ನಾನು ನೋಡ್ತೀನಿ."

 ಹುಚ್ಚಕ್ಕ ಕಾಲುಚೀಲ ಎಳೆದು ಸುಕ್ಕು ಬಿಡಿಸಿದಳು. ಮಂಡಿ ಮಡಿಸಿ ಹಿಮ್ಮಡಿಯನ್ನು ತಳಕ್ಕೆ ಕೂರಿಸಿ ತೂತಲ್ಲಿ ಇಣುಕಿದಳು. ಪಟ್ಟಿ ಎಳೆದಳು. ಪುಷ್ಪಲತಾ ಬೆರಳು ತೂರಿಸಿ ನೋಡಿ, "ಇನ್ನೊಂದು ತೂತು" ಅಂದಳು. ಹುಚ್ಚಕ್ಕ ಎಳೆದಳು. ಕೂಸು ಕಿರುಚಿತು.

"ನನ್ನ ಮನಸ್ಸಿಂದ ಅದು ಹೋಗಿಲ್ಲ ಅತ್ತೆ" ಅಂದಳು ಪುಷ್ಪಲತಾ ಬ್ಯಾಗು ಎತ್ತಿಕೊಳ್ಳುತ್ತಾ. "ನೀವು ಮಾಡಿದ್ದೂ ಹೋಗಿಲ್ಲ, ನಾನು ಮಾಡಿದ್ದೂ ಹೋಗಿಲ್ಲ. ಬೇರೆ ದಿಕ್ಕಿಲ್ಲ ಅಂತ ಕೊಡ್ತಿದ್ದೀನಿ."

"ಗೊತ್ತು ಕಣವ್ವ. ಹೋಗ್ಬಾ."

ಬಸ್ಸು ಹೋದ ಮೇಲೆ ಕೂಸು ಅಳು ನಿಲ್ಲಿಸಲಿಲ್ಲ. ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಿದಳು, ಕಾಗೆ ತೋರಿಸಿದಳು, ಬೆಲ್ಲದ ನೀರು ನೆಕ್ಕಿಸಿದಳು. ದುರ್ಗಯ್ಯ ಜಗುಲಿಯಿಂದ ಅಂದ, "ವಸಿ ಸಡಿಲ ಮಾಡೇ, ಅದ್ರ ಬಾಯಿ ಒಣಗೋಯ್ತು."

"ಅಳ್ಲಿ ಬುಡಿ."

"ಕಲ್ಲಾಗೋದ್ಯಲ್ಲೇ ನೀನು."

 ಹುಚ್ಚಕ್ಕ ಕಣ್ಣೀರು ಕುಪ್ಪಸದ ತೋಳಿಗೆ ಒರೆಸಿಕೊಂಡು ಇನ್ನೊಂದು ಸುತ್ತು ಹೊರಟಳು.

ಮಧ್ಯಾಹ್ನ ಸ್ನಾನಕ್ಕೆ ಬಿಚ್ಚಿದಾಗ ಎಡ ಹಿಮ್ಮಡಿ ಕೆಂಪಾಗಿತ್ತು. ಹಳೆಯ ಹುಣ್ಣಿನ ತೆಳು ಚರ್ಮ ಹೊಳೆಯುತ್ತಿತ್ತು. ಬೆರಳಿಂದ ಒತ್ತಿ ನೋಡಿದಳು. ಸ್ನಾನ ಮಾಡಿಸಿ, ಮೈ ಒರೆಸಿ, ತುಸು ಹೊತ್ತು ಬರಿಗಾಲಲ್ಲಿ ಬಿಟ್ಟು ಮತ್ತೆ ನೋಡಿದಳು. ಕೆಂಪು ಹೋಗಿರಲಿಲ್ಲ. ಬಿಟ್ಟರೆ ಪಾದ ತಿರುಗುತ್ತದೆ, ಹಾಕಿದರೆ ಹುಣ್ಣಾಗುತ್ತದೆ. ಫ್ಯಾಕ್ಟರಿಯೊಳಕ್ಕೆ ಫೋನು ಬಿಡುವುದಿಲ್ಲ. ಹೊಸ ಕಾಲುಚೀಲ ಹಾಕಿ, ಹಿಮ್ಮಡಿ ಕೂರಿಸಿ, ಬೆಳಗಿನ ತೂತಿಗೇ ಪಟ್ಟಿ ಕಟ್ಟಿದಳು. ಕೂಸನ್ನು ಎತ್ತಿಕೊಂಡು ಬಸ್‌ಸ್ಟಾಪಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತಳು. ಸೊಸೆಯ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ದಾರಿಯಲ್ಲಿ ಹೋಗುವವರು, "ಯಾಕೆ ಹುಚ್ಚಕ್ಕಾ, ಎಲ್ಲಿಗೆ?" ಎಂದರೆ "ಎಲ್ಗೂ ಇಲ್ಲ" ಎನ್ನುತ್ತಿದ್ದಳು.

ಬಸ್ಸಿನ ಮೆಟ್ಟಿಲಿಂದಲೇ ಅತ್ತೆಯನ್ನು ಕಂಡ ಪುಷ್ಪಲತಾ ನುಗ್ಗಿಕೊಂಡು ಇಳಿದಳು. ಅವಳು ಕೇಳುವ ಮುಂಚೆಯೇ ಹುಚ್ಚಕ್ಕ ಎದ್ದು ನಿಂತು ಹೇಳಿದಳು. "ಕೆಂಪಾಗೈತೆ ಕಣಮ್ಮಿ. ಅದೇ ಕಾಲು, ಅದೇ ಜಾಗ. ಸ್ನಾನಕ್ಕೆ ಬಿಚ್ಚಿದಾಗ ಕಂಡೆ. ಎಣ್ಣೆ ಹಚ್ಚಿಲ್ಲ, ಪಟ್ಟಿ ಸಡಿಲ ಮಾಡಿಲ್ಲ. ಕೆಂಪು ಹೋಗ್ಲಿಲ್ಲ."

ಪುಷ್ಪಲತಾ ಬೆಂಚಿನ ಮೇಲೆ ಕೂತು, ಬಸ್ಸಿನ ಧೂಳಿನಲ್ಲೇ ಬೂಟು ಬಿಚ್ಚಿದಳು. ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿ, ಒತ್ತಿ, ಬಿಟ್ಟು, ಮತ್ತೆ ಒತ್ತಿದಳು.

"ಹೌದು" ಅಂದಳು. "ಚರ್ಮ ಇನ್ನೂ ಒಡೆದಿಲ್ಲ."

ಬೈಯಲಿಲ್ಲ. ಒಳ್ಳೆಯ ಮಾತನ್ನೂ ಆಡಲಿಲ್ಲ. ಬ್ಯಾಗಿನಿಂದ ಫೋನು ತೆಗೆದು ಗಂಡನಿಗೆ ಕರೆ ಮಾಡಿದಳು.

"ರೀ, ನಾಳೆ ಬಾಡಿಗೆ ಒಪ್ಕೋಬೇಡಿ. ಮಗೂನ ತುಮಕೂರಿಗೆ ಕರ್ಕೊಂಡು ಹೋಗ್ಬೇಕು... ಇಲ್ಲ, ಹುಣ್ಣಾಗಿಲ್ಲ. ಕೆಂಪಾಗಿದೆ. ಅತ್ತೆ ನೋಡಿ ಹೇಳಿದ್ರು."

ಆ ಕಡೆಯಿಂದ ಗಂಗಾಧರ ಏನೋ ಕೂಗಾಡುವುದು ಹುಚ್ಚಕ್ಕನಿಗೂ ಕೇಳಿಸುತ್ತಿತ್ತು. ಪುಷ್ಪಲತಾ ಅವನು ಮುಗಿಸುವವರೆಗೂ ಫೋನು ಕಿವಿಗಿಟ್ಟುಕೊಂಡು ಕಾದಳು. ಆಮೇಲೆ ಅಂದಳು.

"ಕೂಗಿದ್ದು ಆಯ್ತಾ? ಬೆಳಿಗ್ಗೆ ಬೇಗ ಹೊರಡೋಣ. ಅತ್ತೇನೂ ಬರ್ತಾರೆ."